ಸಹಾಯ ಬೇಕು: 46 ಸೈಜ್ ಎಂಜಿನ್‌ಗೆ ಯಾವ ಪ್ರೊಪೆಲ್ಲರ್?

ಎಲ್ಲರಿಗೂ ನಮಸ್ಕಾರ. ನನ್ನದು ರೇಡಿಯೊದಿಂದ ಹಾರಿಸುವ ಮಾದರಿ ವಿಮಾನ, ಹೈ ವಿಂಗ್ ಟ್ರೈನರ್ (ರೆಕ್ಕೆ ಮೇಲ್ಭಾಗದಲ್ಲಿರುವ, ಕಲಿಯುವವರ ವಿಮಾನ), ತೂಕ ಸುಮಾರು ಎರಡೂವರೆ ಕೆಜಿ. ಎಂಜಿನ್ 46 ಸೈಜಿನ (0.46 ಘನ ಇಂಚು, ಅಂದರೆ 7.5 ಸಿಸಿ) ಟೂ ಸ್ಟ್ರೋಕ್ ಗ್ಲೋ, ಅಂದರೆ ಕಾದ ಪ್ಲಗ್‌ನಿಂದ ಇಂಧನ ಹೊತ್ತಿಕೊಳ್ಳುವಂಥದ್ದು. ಈಗ 10×6 ಪ್ರೊಪೆಲ್ಲರ್ ಇದೆ, ಅಂದರೆ ವ್ಯಾಸ 10 ಇಂಚು, ಪಿಚ್ (ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ) 6 ಇಂಚು.

ನೆಲದಲ್ಲಿ ಟ್ಯಾಕೋಮೀಟರ್ 12,000 ಆರ್‌ಪಿಎಂ ಆಸುಪಾಸು ತೋರಿಸುತ್ತದೆ. ಆರು ಇಂಚು ಪಿಚ್ ಅಂದಮೇಲೆ ಲೆಕ್ಕದಲ್ಲಿ ಗಂಟೆಗೆ 110 ಕಿ.ಮೀ. ಕಲಿಯುವವರ ವಿಮಾನಕ್ಕೆ ಇಷ್ಟು ಯಾಕೆ, ಅಲ್ವಾ? ತೊಂದರೆ ಇರುವುದು ಇಳಿಸುವಾಗ. ಥ್ರಾಟಲ್ ಪೂರ್ತಿ ತಗ್ಗಿಸಿದರೂ ವೇಗ ಬೇಗ ಇಳಿಯುವುದಿಲ್ಲ, ರನ್‌ವೇ ದಾಟಿ ಹೋಗುತ್ತದೆ.

11×5 ಹಾಕಿದರೆ ಅದೇ ಆರ್‌ಪಿಎಂನಲ್ಲಿ 91 ಕಿ.ಮೀ. ಆಗುತ್ತದೆ, ಏರುವಾಗ ಎಳೆತವೂ ಜಾಸ್ತಿ. 12×4 ಇನ್ನೂ ಚೆನ್ನಾಗಿ ವೇಗ ತಡೆಯಬಹುದು. ಆದರೆ ತುದಿ ನೆಲಕ್ಕೆ ತಾಗುವ ಭಯ, ನಮ್ಮದು ಹುಲ್ಲಿನ ಮೈದಾನ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಎಂಜಿನ್ ಶಕ್ತಿ ಸ್ವಲ್ಪ ಕಡಿಮೆ, ಪ್ರೊಪೆಲ್ಲರ್ ಮೇಲಿನ ಹೊರೆಯೂ ಕಡಿಮೆ. ಹಾಗಾಗಿ ಕೈಪಿಡಿಯ ಪಟ್ಟಿಯನ್ನು ಸುಮ್ನೆ ನಂಬಲು ಮನಸ್ಸಿಲ್ಲ.

ಇಲ್ಲಿ ಇದೇ ಸೈಜಿನ ಎಂಜಿನ್ ಹಾರಿಸುವವರು ಯಾವುದು ಹಾಕಿದ್ದೀರಿ? ಬದಲಿಸಿದ ಮೇಲೆ ನೀಡಲ್ (ಇಂಧನದ ಪ್ರಮಾಣ ಹೊಂದಿಸುವ ತಿರುಪು) ಎಷ್ಟು ತಿರುಗಿಸಬೇಕಾಯಿತು? ಎಲೆಕ್ಟ್ರಿಕ್ ಮೋಟರ್ ಹಾಕಿ ಎನ್ನುವ ಸಲಹೆ ಮಾತ್ರ ಬೇಡ, ಅದನ್ನು ಮನೆಯಲ್ಲೇ ದಿನಾ ಕೇಳುತ್ತಿದ್ದೇನೆ!