ಅಪ್ಪಯ್ಯನಿಗೆ ಯಾವ ತೀರ್ಮಾನವೂ ಆಗುತ್ತಿಲ್ಲ, ಇದು ಖಿನ್ನತೆಯಿಂದಲೇ?

ತೀರ್ಥಹಳ್ಳಿ ಕಡೆಯವಳು:
ನಮ್ಮದು ಎರಡು ಎಕರೆ ಅಡಿಕೆ ತೋಟ. ಅಪ್ಪಯ್ಯನಿಗೆ 61. ಪ್ರತಿ ವರ್ಷ ಮಳೆ ಹಿಡಿಯುವ ಮೊದಲೇ ಕೊಳೆ ರೋಗಕ್ಕೆ ಔಷಧಿ ಹೊಡೆಸುತ್ತಿದ್ದವರು. ಈ ಸಲ ಮೈಲುತುತ್ತು, ಸುಣ್ಣ ತಂದಿಟ್ಟು ಹಾಗೇ ಕೂತರು. ‘ಇವತ್ತು ಹೊಡೆಸೋದಾ, ನಾಳೆನಾ?’ ಅಂತ ದಿನಕ್ಕೆ ಹತ್ತು ಸಲ ಕೇಳಿದರು. ಆರಿದ್ರಾ ಮಳೆ ಹಿಡಿದು ಬಿಡಲೇ ಇಲ್ಲ. ಈಗ ಮರದ ಬುಡದಲ್ಲೆಲ್ಲ ಉದುರು ಕಾಯಿ. ತೋಟ ಚೇಣಿಗೆ, ಅಂದರೆ ಫಸಲು ಗುತ್ತಿಗೆಗೆ, ಕೊಡುವುದೋ ಬೇಡವೋ, ಅದೂ ಆಗಲಿಲ್ಲ. ಬೆಳಿಗ್ಗೆ ಯಾವ ಅಂಗಿ ಹಾಕಲಿ ಅಂತ ಬೀರು ಮುಂದೆ ನಿಂತೇ ಇರುತ್ತಾರೆ.

ಶಿವಮೊಗ್ಗದಲ್ಲಿ ಡಾಕ್ಟರು ಖಿನ್ನತೆ ಅಂದರು. ಮಾತ್ರೆ ಶುರುವಾಗಿ ಹತ್ತು ದಿನ. ಚಿಕ್ಕಪ್ಪ ಮಾತ್ರ ‘ಸೋಮಾರಿತನ’ ಅನ್ನುತ್ತಾರೆ, ಅದೂ ಅಪ್ಪಯ್ಯನ ಎದುರಿಗೇ. ಮಿದುಳಿನಲ್ಲಿ ನಿಜಕ್ಕೂ ಏನಾದರೂ ಆಗಿರುತ್ತದಾ?

ಸಾಗರದ ನರ್ಸ್:
ಸೋಮಾರಿತನ ಖಂಡಿತ ಅಲ್ಲ. ತೀರ್ಮಾನ ಮಾಡಲಾಗದಿರುವುದು ಖಿನ್ನತೆಯ ಲಕ್ಷಣಗಳಲ್ಲೇ ಒಂದು.

ಕಣ್ಣುಗಳ ಮೇಲೆ, ಹಣೆಯ ಹಿಂದೆ ಆರ್ಬಿಟೋಫ್ರಂಟಲ್ ಕಾರ್ಟೆಕ್ಸ್ ಅಂತ ಒಂದು ಭಾಗ ಇದೆ. ಇದು ಮಾಡಿದರೆ ಏನು ಸಿಕ್ಕೀತು, ಬಿಟ್ಟರೆ ಏನು ಹೋದೀತು ಅಂತ ತೂಗುವುದರಲ್ಲಿ ಅದರದ್ದು ದೊಡ್ಡ ಪಾತ್ರ. 2016ರಲ್ಲಿ ಚೀನಾ, ಬ್ರಿಟನ್ ಸಂಶೋಧಕರು 900ಕ್ಕೂ ಹೆಚ್ಚು ಜನರ ಎಂಆರ್‌ಐ ನೋಡಿದರು. ಈ ಆರ್ಬಿಟೋಫ್ರಂಟಲ್ ಭಾಗದ ಒಳಬದಿ ಖುಷಿ ಗುರುತಿಸುವ ಜಾಗ. ಖಿನ್ನತೆ ಇದ್ದವರಲ್ಲಿ ಅದಕ್ಕೂ ನೆನಪಿನ ಭಾಗಕ್ಕೂ ಸಂಪರ್ಕ ಕಡಿಮೆ ಇತ್ತು. ಹೊರಬದಿ, ಎಣಿಸಿದ್ದು ಸಿಗದಾಗ ಚುರುಕಾಗುವ ಜಾಗ. ಅದಕ್ಕೂ ‘ನಾನು’ ಅನ್ನುವ ಭಾವಕ್ಕೆ ಸೇರಿದ ಭಾಗಕ್ಕೂ ಸಂಪರ್ಕ ಜಾಸ್ತಿ ಇತ್ತು. ಹಾಗಂತ ಸ್ಕ್ಯಾನ್ ಮಾಡಿಸಲು ಓಡಬೇಡಿ. ಒಬ್ಬರ ಸ್ಕ್ಯಾನ್ ನೋಡಿ ಖಿನ್ನತೆ ಇದೆ, ಇಲ್ಲ ಅಂತ ಹೇಳಲು ಬರುವುದಿಲ್ಲ.

ಬದುಕು ಸಾಕು ಅನ್ನುವ ಮಾತು ಬಂದರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಹೊಸನಗರದವ:
ತಂಗಿ, ನನಗೂ ಹೀಗೇ ಆಗಿತ್ತು. ಊಟಕ್ಕೆ ಏನು ಮಾಡಲಿ ಅಂತ ಹೆಂಡತಿ ಕೇಳಿದರೆ ಅಳು ಬರುತ್ತಿತ್ತು. ಆಮೇಲೆ ಅವಳು ಕೇಳುವುದು ಬಿಟ್ಟಳು. ‘ಕಡುಬು ಆಗಿದೆ, ಬನ್ನಿ’ ಅನ್ನುತ್ತಿದ್ದಳು. ಎಷ್ಟು ಹಗುರಾಗುತ್ತಿತ್ತು ಗೊತ್ತಾ! ಚೇಣಿ ವಿಷಯ ಈಗ ಎತ್ತಲೇಬೇಡಿ. ಮಾತ್ರೆ ಹಿಡಿಯಲು ಕೆಲವು ವಾರ ಬೇಕು. ನನಗೆ ಐದನೇ ವಾರದಲ್ಲಿ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ ನಾನೇ ಫೋನ್ ಮಾಡುವಷ್ಟಾಯಿತು.

ತೀರ್ಥಹಳ್ಳಿ ಕಡೆಯವಳು:
ಇವತ್ತು ಒಂದೇ ಅಂಗಿ ತೆಗೆದು ಮಂಚದ ಮೇಲಿಟ್ಟೆ. ಹಾಕಿಕೊಂಡು ಜಗಲಿಗೆ ಬಂದರು. ಎರಡನೇ ಸಲದ ಔಷಧಿಗೆ ಆಳಿಗೆ ನಾನೇ ಹೇಳಿದ್ದೇನೆ ಅಂದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, ‘ಆ ಸುಣ್ಣ ಹಳೇದಾಯ್ತು, ಹೊಸದು ತರಿಸು’ ಅಂದರು.