ಬುಪ್ರೆನಾರ್ಫಿನ್: ಕೊನೆಯ 2 ಮಿ.ಗ್ರಾಂ ಬಿಡುವುದು ಹೇಗೆ?

ಪ್ರಶ್ನೆ – ಮದ್ದೂರು ಕಡೆಯವನು

ನಮಸ್ಕಾರ. ಬೆನ್ನುನೋವಿಗೆಂದು ಶುರುವಾದ ಟಪೆಂಟಡಾಲ್ ಎಂಬ ಒಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ) ನೋವಿನ ಮಾತ್ರೆ ಚಟವಾಗಿ ಅಂಟಿಕೊಂಡಿತು. ಆಮೇಲೆ ಮೈಸೂರಿನ ಮನೋವೈದ್ಯರೊಬ್ಬರಲ್ಲಿ, ಆ ಚಟ ಬಿಡಿಸಲು ಕೊಡುವ ಬುಪ್ರೆನಾರ್ಫಿನ್–ನಲೋಕ್ಸೋನ್ ಮಾತ್ರೆಯ ಚಿಕಿತ್ಸೆ ಪಡೆಯುತ್ತಿದ್ದೇನೆ. ದಿನಕ್ಕೆ 8 ಮಿ.ಗ್ರಾಂ ಇದ್ದದ್ದನ್ನು ಅವರು ಹಂತ ಹಂತವಾಗಿ 2 ಮಿ.ಗ್ರಾಂಗೆ ಇಳಿಸಿದ್ದಾರೆ. ಅಲ್ಲಿಯವರೆಗೆ ಹೇಳಿಕೊಳ್ಳುವಂಥ ತೊಂದರೆ ಇರಲಿಲ್ಲ. ಈಗ ಮಾತ್ರ ಒಂದು ದಿನದ ಮಾತ್ರೆ ತಪ್ಪಿದರೂ ಮರುದಿನ ರಾತ್ರಿಯ ಹೊತ್ತಿಗೆ ಕಾಲು ಸೆಳೆಯುತ್ತದೆ, ಒಂದರ ಹಿಂದೊಂದು ಆಕಳಿಕೆ ಬರುತ್ತದೆ, ಬೆವರಿನಿಂದ ದಿಂಬು ಒದ್ದೆಯಾಗುತ್ತದೆ.

ಮನೆಯಲ್ಲಿ ತಂಗಿಯ ಮದುವೆ ಗೊತ್ತಾಗಿದೆ. "ಒಂದು ಚಟ ಬಿಡಿಸೋಕೆ ಇನ್ನೊಂದು ಚಟವೇ? ಮದುವೆಯೊಳಗೆ ಅದನ್ನೂ ನಿಲ್ಲಿಸಿಬಿಡು" ಎಂದು ದೊಡ್ಡಪ್ಪ ಪಟ್ಟು ಹಿಡಿದಿದ್ದಾರೆ. ಬ್ಲೇಡಿನಿಂದ ಮಾತ್ರೆಯನ್ನು ನಾಲ್ಕು ಭಾಗ ಮಾಡಲು ಹೋದರೆ ಅರ್ಧದಷ್ಟು ಪುಡಿಯಾಗುತ್ತದೆ, ಉಳಿದ ಚೂರುಗಳೂ ಒಂದೊಂದು ಅಳತೆಗೆ ಬರುತ್ತವೆ. ಇಷ್ಟು ಸಣ್ಣ ಡೋಸ್ ತಾನೇ, 2ರಿಂದ ನೇರವಾಗಿ ಸೊನ್ನೆಗೆ ಹೋಗಬಹುದೇ?

ಉತ್ತರ – ಸರಸ್ವತೀಪುರಂ, ನಿವೃತ್ತ ಫಾರ್ಮಸಿಸ್ಟ್

ಅದು ಸಣ್ಣ ಡೋಸ್ ಅಲ್ಲ. ಮಿದುಳಿನಲ್ಲಿ ಒಪಿಯಾಯ್ಡ್ ಅಂಟಿಕೊಳ್ಳುವ ರಿಸೆಪ್ಟರ್‌ಗಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, 16 ಮಿ.ಗ್ರಾಂ ಬುಪ್ರೆನಾರ್ಫಿನ್ ಅವುಗಳಲ್ಲಿ ಸುಮಾರು ಶೇ. 80ರಷ್ಟನ್ನು ಹಿಡಿದಿರುವುದೂ, ಕೇವಲ 2 ಮಿ.ಗ್ರಾಂ ಕೂಡ ಸುಮಾರು ಶೇ. 40ರಷ್ಟನ್ನು ಹಿಡಿದಿರುವುದೂ ಕಂಡುಬಂದಿದೆ. ಅಂದರೆ 16ರಿಂದ 2ಕ್ಕೆ ಇಳಿಯುವಾಗ ದೇಹ ಕಳೆದುಕೊಳ್ಳುವಷ್ಟನ್ನೇ 2ರಿಂದ ಸೊನ್ನೆಗೆ ಹಾರಿದಾಗ ಒಂದೇ ಏಟಿಗೆ ಕಳೆದುಕೊಳ್ಳುತ್ತದೆ. 8ರಿಂದ 2ರವರೆಗೆ ನಿಮಗೆ ಸಲೀಸಾಗಿದ್ದು, ಈಗ ಕಷ್ಟವೆನಿಸುತ್ತಿರುವುದಕ್ಕೆ ಕಾರಣ ಇದೇ. ಇದರಲ್ಲಿ ನಿಮ್ಮ ಮನೋಬಲದ ಕೊರತೆಯೇನೂ ಇಲ್ಲ.

ಬ್ಲೇಡಿನ ಕೆಲಸ ಬಿಡಿ. ನಮ್ಮ ದೇಶದಲ್ಲಿ ಈ ಮಾತ್ರೆ 0.4 ಮಿ.ಗ್ರಾಂ ಪ್ರಮಾಣದಲ್ಲೂ ತಯಾರಾಗುತ್ತದೆ; ಅಂಥ ಐದು ಸೇರಿದರೆ ನಿಮ್ಮ ಈಗಿನ ಡೋಸ್. ಒಂದೊಂದನ್ನೇ ಕಡಿಮೆ ಮಾಡುತ್ತಾ 1.6, 1.2, 0.8 ಎಂದು ಇಳಿಯಲು ಸಾಧ್ಯವೇ ಎಂದು ನಿಮ್ಮ ವೈದ್ಯರನ್ನು ಕೇಳಿ. ದೇಹದೊಳಗೆ ಹೋದ ಈ ಔಷಧದ ಪ್ರಮಾಣ ಅರ್ಧಕ್ಕಿಳಿಯಲು ಒಂದು ದಿನಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವುದರಿಂದ, ಇಳಿಸಿದ ಪರಿಣಾಮ ಅಂದೇ ಗೊತ್ತಾಗುವುದಿಲ್ಲ; ಮೊದಲ ಎರಡು ದಿನ ಹಾಯಾಗಿತ್ತೆಂದು ಮೂರನೆಯ ದಿನ ಮತ್ತೆ ಇಳಿಸಬಾರದು. ಪ್ರತಿ ಹಂತದಲ್ಲೂ ಕೆಲವು ವಾರ ನಿಂತು, ನಿದ್ದೆ ಹದಕ್ಕೆ ಬಂದ ಮೇಲೆ ಮುಂದಿನದು. ನಡುವೆ ತಡೆಯಲಾಗದಿದ್ದರೆ ಹಿಂದಿನ ಡೋಸ್‌ಗೆ ಮರಳುವುದಕ್ಕೂ ಅವಕಾಶವಿರುತ್ತದೆ. ಬೆವರು, ಚಡಪಡಿಕೆಗಳಿಗೆ ಕ್ಲೋನಿಡಿನ್ ಕೊಡುವುದುಂಟು. ಆದರೆ ಅದು ರಕ್ತದೊತ್ತಡ ಇಳಿಸುವ ಔಷಧವಾದ್ದರಿಂದ ವೈದ್ಯರು ಬರೆಯದೆ ಮುಟ್ಟಬೇಡಿ.

ಉತ್ತರ – ಶ್ರೀರಂಗಪಟ್ಟಣ

ನಾನು ಈ ಹಾದಿಯನ್ನು ಮುಗಿಸಿದವನು. ಫಾರ್ಮಸಿಸ್ಟ್ ಮೇಡಂ ಹೇಳಿದ ಲೆಕ್ಕಕ್ಕೆ ಒಂದು ಮಾತು ಸೇರಿಸುತ್ತೇನೆ: ಯಾವಾಗ ಇಳಿಸುತ್ತೀರಿ ಎಂಬುದೂ ಎಷ್ಟು ಇಳಿಸುತ್ತೀರಿ ಎಂಬುದರಷ್ಟೇ ಮುಖ್ಯ. ಕಬ್ಬು ಕಡಿಯುವ ಕಾಲದಲ್ಲಿ, ರಾತ್ರಿಯೆಲ್ಲ ಲೋಡಿನ ಹಿಂದೆ ಓಡಾಡುವಾಗ ನಾನು ಡೋಸ್ ಮುಟ್ಟಲೇ ಇಲ್ಲ. ಗದ್ದೆ ಕೆಲಸ ಬಿಡುವಾದ ಮೇಲಷ್ಟೇ ಮುಂದಿನ ಹೆಜ್ಜೆ ಇಟ್ಟೆ. ಮದುವೆ ಮನೆಯೂ ಹಾಗೆಯೇ. ಚಪ್ಪರ, ಛತ್ರ, ಸಾಲದ ಚಿಂತೆ, ನಿದ್ದೆಗೇಡು ಎಲ್ಲ ಒಟ್ಟಿಗೆ ಬರುವ ಆ ದಿನಗಳನ್ನೇ ಗಡುವು ಮಾಡಿಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ. ಇದ್ದ ಡೋಸ್‌ನಲ್ಲೇ ಮದುವೆ ಮುಗಿಸಿ. ಬೀಗರೂಟದ ದಿನ ನೆಂಟರು ಗ್ಲಾಸು ಮುಂದಿಟ್ಟರೆ ಬೇಡವೆನ್ನಿ. ಈ ಮಾತ್ರೆಯ ಜೊತೆ ಮದ್ಯವಾಗಲಿ ನಿದ್ದೆ ಮಾತ್ರೆಯಾಗಲಿ ಸೇರಿದರೆ ಉಸಿರಾಟವೇ ಕುಗ್ಗಬಹುದು.

ಮಾತ್ರೆ ಪೂರ್ತಿ ನಿಂತ ಮೇಲೂ ನಿದ್ದೆ ಮಾತ್ರ ಬಹಳ ತಡವಾಗಿ ಸರಿಹೋಯಿತು. ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಆದ್ದರಿಂದ ಹೇಳುತ್ತಿದ್ದೇನೆ.

ಉತ್ತರ – ಮಂಡ್ಯ, ಮನೆಯವರ ಪರವಾಗಿ

ನಮ್ಮ ಯಜಮಾನರು ಇದೇ ಮಾತ್ರೆಯಲ್ಲಿದ್ದಾರೆ, ಸದ್ಯಕ್ಕೆ ಬಿಡುವ ಯೋಚನೆ ಇಲ್ಲ. ಬೆಳಿಗ್ಗೆ ನಾಲಿಗೆಯ ಕೆಳಗೆ ಇಟ್ಟುಕೊಂಡು, ಕರಗುವವರೆಗೆ ಸುಮ್ಮನೆ ಪೇಪರ್ ಓದಿ, ಬಾಯಿ ಮುಕ್ಕಳಿಸಿ ಕೆಲಸಕ್ಕೆ ಹೋಗುತ್ತಾರೆ. ಸಂಬಳ ಮನೆಗೆ ಬರುತ್ತಿದೆ. ನಿಮ್ಮ ದೊಡ್ಡಪ್ಪನವರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಇದ್ದರೆ ಅದನ್ನು ಯಾರೂ ಚಟವೆನ್ನುವುದಿಲ್ಲವಲ್ಲ! ಬುಪ್ರೆನಾರ್ಫಿನ್ ಮತ್ತು ಇದೇ ಚಿಕಿತ್ಸೆಗೆ ಬಳಸುವ ಮೆಥಡೋನ್ ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿವೆ. ಸಾಧ್ಯವಾದರೆ ಮುಂದಿನ ಸಲ ದೊಡ್ಡಪ್ಪನವರನ್ನೂ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ನೀವು ಹೇಳಿದರೆ ವಾದವಾಗುವ ಮಾತು ವೈದ್ಯರು ಹೇಳಿದರೆ ನಡೆಯುತ್ತದೆ.

ಉತ್ತರ – ಸರಸ್ವತೀಪುರಂ, ನಿವೃತ್ತ ಫಾರ್ಮಸಿಸ್ಟ್

ಮೇಲಿನ ಸಹೋದರಿಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಮೊದಲೇ ಬರೆಯಬೇಕಿದ್ದ ಇನ್ನೊಂದು ವಿಷಯವಿದೆ. ಡೋಸ್ ಇಳಿದಂತೆಲ್ಲ ಒಪಿಯಾಯ್ಡ್ ತಾಳಿಕೊಳ್ಳುವ ದೇಹದ ಶಕ್ತಿಯೂ ಇಳಿಯುತ್ತದೆ. ಬುಪ್ರೆನಾರ್ಫಿನ್ ಬಿಟ್ಟ ಮೇಲೆ, ಹಿಂದೆ ದಕ್ಕುತ್ತಿದ್ದಷ್ಟೇ ಟಪೆಂಟಡಾಲನ್ನು ಒಮ್ಮೆ ತೆಗೆದುಕೊಂಡರೂ ಉಸಿರು ನಿಲ್ಲುವ ಅಪಾಯವಿದೆ. ಆದ್ದರಿಂದ ಹಳೆಯ ಸ್ಟ್ರಿಪ್ ಯಾವುದಾದರೂ ಬೀರುವಿನಲ್ಲೋ ಬೈಕಿನ ಡಿಕ್ಕಿಯಲ್ಲೋ ಉಳಿದಿದ್ದರೆ ಇವತ್ತೇ ಮನೆಯವರ ಕೈಗೆ ಕೊಟ್ಟುಬಿಡಿ. ಮತ್ತೆ ಬೇಕೆನಿಸುವ ಸೆಳೆತ ಹೆಚ್ಚಿದರೆ ಡೋಸ್ ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ. ರಾತ್ರಿ ಹೊತ್ತಿನಲ್ಲಿ ಮಾತನಾಡಲು ಯಾರೂ ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.