ಮಕ್ಕಳನ್ನು ಬೆಳೆಸೋಕೂ ಪಿಎಚ್‌ಡಿ ಬೇಕಾ? (ಓದುಗರ ಸ್ಪಂದನ)

ಪ್ರಶ್ನೆ: ನನಗೆ 34 ವರ್ಷ. ಮಾನವ ಅಭಿವೃದ್ಧಿ ವಿಷಯದಲ್ಲಿ ಎಂಎಸ್ಸಿ ಆಗಿದೆ. ದಾವಣಗೆರೆಯ ಶಾಲೆಯೊಂದರಲ್ಲಿ ಕೌನ್ಸೆಲರ್ ಆಗಿದ್ದೇನೆ. ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ, ತೀರ್ಪು ಕೊಡದೆ, ಪೂರ್ತಿ ಗಮನ ಇಡುವ ಅಭ್ಯಾಸ) ಆಧರಿಸಿದ ಪೇರೆಂಟಿಂಗ್ ಬಗ್ಗೆ ಪಿಎಚ್‌ಡಿ ಮಾಡುವ ಆಸೆ. ಅಮೆರಿಕಕ್ಕೆ ಹೋಗಲಾ, ಇಲ್ಲೇ ಮಾಡಲಾ ಗೊತ್ತಾಗುತ್ತಿಲ್ಲ. ಮಗನಿಗೆ ಆರು ವರ್ಷ. ಯಜಮಾನರು ಒಪ್ಪಿದ್ದಾರೆ. ಅತ್ತೆ ಮಾತ್ರ ‘ಮಕ್ಕಳನ್ನು ಬೆಳೆಸೋಕೂ ಪಿಎಚ್‌ಡಿ ಬೇಕಾ?’ ಅಂತಾರೆ. ಏನು ಮಾಡಲಿ?

*

ದೇಶ ಯಾವುದು ಅನ್ನೋದು ಆಮೇಲಿನ ಮಾತು. ಮೊದಲು ಗೈಡ್ ಯಾರು ಅಂತ ನೋಡಿ. ಅಮೆರಿಕದಲ್ಲಿ ನಿಮ್ಮ ವಿಷಯಕ್ಕೆ ‘ಹ್ಯೂಮನ್ ಡೆವಲಪ್‌ಮೆಂಟ್ ಅಂಡ್ ಫ್ಯಾಮಿಲಿ ಸ್ಟಡೀಸ್’ ಅಂತಲೇ ಬೇರೆ ವಿಭಾಗಗಳಿವೆ. ಬರೀ ಸೈಕಾಲಜಿ ವಿಭಾಗಗಳನ್ನು ಹುಡುಕುತ್ತಾ ಕೂತರೆ ಅರ್ಧ ಅವಕಾಶ ಕೈತಪ್ಪಿ ಹೋಗುತ್ತದೆ. ಲಾರಿಸ್ಸಾ ಡಂಕನ್, ಡಗ್ಲಸ್ ಕೋಟ್ಸ್‌ವರ್ತ್, ಮಾರ್ಕ್ ಗ್ರೀನ್‌ಬರ್ಗ್ ಸೇರಿ ಮೈಂಡ್‌ಫುಲ್ ಪೇರೆಂಟಿಂಗ್ ಬಗ್ಗೆ 2009ರಲ್ಲಿ ಬರೆದ ಲೇಖನವನ್ನು ಮೊದಲು ಓದಿ. ಮಗುವಿನ ಮಾತನ್ನು ಪೂರ್ತಿ ಗಮನ ಕೊಟ್ಟು ಕೇಳುವುದು, ತಕ್ಷಣ ತೀರ್ಪು ಕೊಡದಿರುವುದು, ನಮ್ಮ ಸಿಟ್ಟನ್ನು ನಾವೇ ಗುರುತಿಸುವುದು, ಅದನ್ನು ಹತೋಟಿಯಲ್ಲಿ ಇಡುವುದು, ಮಗುವಿನ ಮೇಲೂ ನಮ್ಮ ಮೇಲೂ ಕರುಣೆ: ಹೀಗೆ ಐದು ಅಂಶಗಳನ್ನು ಅವರು ಮುಂದಿಟ್ಟರು. ಈ ವಿಷಯದಲ್ಲಿ ಕೆಲಸ ಮಾಡುವವರು ಇವತ್ತಿಗೂ ಅಲ್ಲಿಂದಲೇ ಶುರು ಮಾಡುತ್ತಾರೆ. ಡಂಕನ್ ಪಿಎಚ್‌ಡಿ ಮಾಡಿದ್ದು ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಆಮೇಲೆ ಮ್ಯಾಡಿಸನ್‌ನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಇಂಥ ಜಾಡು ಹಿಡಿದು ಹೊರಟರೆ ಯಾರ ಬಳಿ ಏನು ನಡೀತಿದೆ ಅಂತ ಗೊತ್ತಾಗುತ್ತದೆ.

ಸೆಪ್ಟೆಂಬರ್ ಹೊತ್ತಿಗೆ ನಾಲ್ಕೈದು ಪ್ರಾಧ್ಯಾಪಕರಿಗೆ ಇಮೇಲ್ ಮಾಡಿ. ‘ಮುಂದಿನ ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ?’ ಅಂತ ನೇರವಾಗಿ ಕೇಳಿ. ‘ನಾನು ಬಹಳ ಶ್ರದ್ಧೆಯುಳ್ಳ ವಿದ್ಯಾರ್ಥಿನಿ’ ಅಂತೆಲ್ಲ ಬರೆಯಬೇಡಿ, ಅದನ್ನು ಯಾರೂ ಓದುವುದಿಲ್ಲ. ನಿಮ್ಮ ಶಾಲೆಯ ತಾಯಂದಿರಲ್ಲಿ ಏನು ಕಂಡಿರಿ, ಅದರಿಂದ ಯಾವ ಪ್ರಶ್ನೆ ಹುಟ್ಟಿತು, ಅಷ್ಟು ಬರೆಯಿರಿ. ಅರ್ಜಿಯ ಕೊನೆ ದಿನ ಸಾಮಾನ್ಯವಾಗಿ ಡಿಸೆಂಬರ್ ಆಸುಪಾಸು. ಅಸಿಸ್ಟೆಂಟ್‌ಶಿಪ್ (ಪಾಠ ಅಥವಾ ಸಂಶೋಧನೆಯಲ್ಲಿ ಪ್ರಾಧ್ಯಾಪಕರಿಗೆ ನೆರವಾಗುವ ಕೆಲಸ) ಸಿಕ್ಕರೆ ಫೀಸು ಮಾಫಿ, ಮೇಲೆ ಸ್ಟೈಪೆಂಡ್. ಅದಿಲ್ಲದೆ ಸಾಲ ಮಾಡಿಕೊಂಡು ಬರಬೇಡಿ ಅಂತ ಖಡಾಖಂಡಿತವಾಗಿ ಹೇಳುತ್ತೇನೆ.

ಇನ್ನು ಸಂಸಾರ. ಎಫ್-2 ವೀಸಾದಲ್ಲಿ (ವಿದ್ಯಾರ್ಥಿಯ ಸಂಗಾತಿ, ಮಕ್ಕಳಿಗೆ ಕೊಡುವುದು) ಬರುವ ಮಗು ಸರ್ಕಾರಿ ಶಾಲೆಗೆ ಹೋಗಬಹುದು, ಫೀಸಿಲ್ಲ. ಆದರೆ ಗಂಡ ಕೆಲಸ ಮಾಡುವ ಹಾಗಿಲ್ಲ. ಜತೆಗೆ ಬರುವ ಒಬ್ಬೊಬ್ಬರಿಗೂ ಇಷ್ಟು ಅಂತ ಬ್ಯಾಂಕಿನಲ್ಲಿ ಹೆಚ್ಚಿನ ಹಣ ತೋರಿಸಬೇಕು. ಇನ್ಶೂರೆನ್ಸ್ ಬೇರೆ. ಒಬ್ಬರ ಸ್ಟೈಪೆಂಡ್‌ನಲ್ಲಿ ಮೂವರು ಬದುಕುವುದು ಕಷ್ಟ. ನಿಮ್ಮವರ ಹತ್ತಿರ ಈ ಮಾತು ಈಗಲೇ ಆಡಿಬಿಡಿ.

ನೆದರ್ಲೆಂಡ್ಸ್ ಕಡೆಯೂ ಒಮ್ಮೆ ನೋಡಿ. ಅಲ್ಲಿ ಪಿಎಚ್‌ಡಿ ಅಂದರೆ ಹೆಚ್ಚಾಗಿ ಸಂಬಳದ ನೌಕರಿ, ಜಾಹೀರಾತು ಹಾಕಿ ಕರೆಯುತ್ತಾರೆ. ತಂದೆತಾಯಿಗಳಿಗಾಗಿ ಎಂಟು ವಾರದ ಮೈಂಡ್‌ಫುಲ್ ಪೇರೆಂಟಿಂಗ್ ಕೋರ್ಸ್ ರೂಪಿಸಿದ ಸೂಸನ್ ಬೋಗೆಲ್ಸ್ ಆಮ್‌ಸ್ಟರ್‌ಡ್ಯಾಮ್‌ನವರು.

– ಕುಟುಂಬ ಅಧ್ಯಯನದಲ್ಲಿ ಪಿಎಚ್‌ಡಿ ಮಾಡಿದ ಕನ್ನಡತಿ, ಅಮೆರಿಕ

*

ಅಮೆರಿಕದ ಕನಸು ಇರಲಿ. ಆದರೆ ದಾವಣಗೆರೆಯಿಂದ ಧಾರವಾಡ ಎಷ್ಟು ದೂರ ಹೇಳಿ? ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಿನಲ್ಲಿ (ಮೊದಲು ಗೃಹ ವಿಜ್ಞಾನ ಅಂತಿತ್ತು) ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ ವಿಭಾಗವೇ ಇದೆ. ಕೃಷಿ ವಿವಿ ಅಂದಕೂಡಲೇ ಜನ ಬರೀ ಬೀಜ, ಗೊಬ್ಬರ ಅಂದುಕೊಳ್ಳುತ್ತಾರೆ! ಬರೋಡದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲೂ ಇದೇ ವಿಷಯದ ಹಳೇ ವಿಭಾಗವಿದೆ. ಮಾನಸಿಕ ಆರೋಗ್ಯದ ಕಡೆ ಒಲವು ಜಾಸ್ತಿ ಇದ್ದರೆ ಬೆಂಗಳೂರಿನ ನಿಮ್ಹಾನ್ಸ್ ವಿಚಾರಿಸಿ. ಆದರೆ ನಿಮ್ಮ ಎಂಎಸ್ಸಿಗೆ ಅಲ್ಲಿ ಅರ್ಹತೆ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ನಿಮಗೆ ಅವಸರ ಇರುವುದು ಒಂದೇ ಕಡೆ. ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆಆರ್‌ಎಫ್‌ಗೆ (ಸಂಶೋಧನೆ ಮಾಡುವವರಿಗೆ ತಿಂಗಳಿಗಿಷ್ಟು ಅಂತ ಕೊಡುವ ಫೆಲೋಶಿಪ್) 30 ವರ್ಷದ ಮಿತಿ, ಹೆಂಗಸರಿಗೆ 5 ವರ್ಷದ ರಿಯಾಯಿತಿ. ಅಂದರೆ 35. ನಿಮಗೀಗ 34, ಲೆಕ್ಕ ಹಾಕಿ. 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಕೈಬಿಡುವ ದುಡ್ಡಲ್ಲ. ಗೃಹ ವಿಜ್ಞಾನ ನೆಟ್‌ನ ವಿಷಯಗಳಲ್ಲಿ ಒಂದು. ಜೆಆರ್‌ಎಫ್ ಬರದಿದ್ದರೂ ಬರೀ ಪಿಎಚ್‌ಡಿ ಪ್ರವೇಶಕ್ಕೆ ನೆಟ್ ಅಂಕ ಉಪಯೋಗಕ್ಕೆ ಬರುತ್ತದೆ, ಅದಕ್ಕೆ ವಯಸ್ಸಿನ ಮಿತಿ ಇಲ್ಲ.

2022ರ ಯುಜಿಸಿ ನಿಯಮದಲ್ಲಿ ಪಾರ್ಟ್‌ಟೈಮ್ ಪಿಎಚ್‌ಡಿಗೂ ಅವಕಾಶವಿದೆ. ಶಾಲೆಯಿಂದ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ಬೇಕು. ತಾಯ್ತನ ಮತ್ತು ಮಕ್ಕಳ ಆರೈಕೆಗೆ ಒಟ್ಟು 240 ದಿನದವರೆಗೆ ರಜೆ ಉಂಟು. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

– ಗೃಹ ವಿಜ್ಞಾನದ ನಿವೃತ್ತ ಅಧ್ಯಾಪಕಿ, ಧಾರವಾಡ

*

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಿಮಗೆ ಬೇಕಿರುವುದು ಪಿಎಚ್‌ಡಿಯಾ, ಅಥವಾ ತಂದೆತಾಯಿಗಳಿಗೆ ಈ ಅಭ್ಯಾಸ ಹೇಳಿಕೊಡುವ ಕೆಲಸವಾ? ಎರಡನೆಯದಾದರೆ ಪಿಎಚ್‌ಡಿ ಬೇಡವೇ ಬೇಡ. ಜಾನ್ ಕಬಟ್-ಝಿನ್ 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರು ಮಾಡಿದ ಎಂಟು ವಾರದ ಎಂಬಿಎಸ್‌ಆರ್ (ಮೈಂಡ್‌ಫುಲ್‌ನೆಸ್ ಮೂಲಕ ಒತ್ತಡ ತಗ್ಗಿಸುವ) ಕೋರ್ಸ್ ಮೊದಲು ನೀವೇ ಮಾಡಿ, ಆಮೇಲೆ ಶಿಕ್ಷಕರ ತರಬೇತಿ ತಗೊಳ್ಳಿ. ಸಂಶೋಧನೆ ಅಂದರೆ ದಿನವಿಡೀ ಪ್ರಶ್ನಾವಳಿ, ಅಂಕಿಅಂಶ, ಎಥಿಕ್ಸ್ ಕಮಿಟಿ. ತಾಯಂದಿರ ಜತೆ ಕೂತು ಮಾತಾಡುವ ಹೊತ್ತು ಅದರಲ್ಲಿ ಕಡಿಮೆಯೇ. ಅಂಕಿಅಂಶ ಕಂಡರೆ ಖುಷಿಯಾಗುತ್ತದೆ ಅನ್ನುವಿರಾದರೆ ಸೈ, ಹೊರಡಿ.

– ಆಪ್ತ ಸಮಾಲೋಚಕಿ, ಮೈಸೂರು

*

ಮೇಡಂ, ನನ್ನ ಮಗಳಿಗೆ ಆಟಿಸಂ ಇದೆ. ನಮ್ಮಂಥವರ ಮೇಲೆ ಸಂಶೋಧನೆ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ನಿರ್ಭಯ್ ಸಿಂಗ್ ಮತ್ತು ಸಂಗಡಿಗರು 2006ರಲ್ಲಿ ಆಟಿಸಂ ಇರುವ ಮಕ್ಕಳ ತಾಯಂದಿರಿಗೆ ಹನ್ನೆರಡು ವಾರ ತರಬೇತಿ ಕೊಟ್ಟು ನೋಡಿದ್ದರು. ಮಕ್ಕಳ ಹಠ, ತಮಗೆ ತಾವೇ ಪೆಟ್ಟು ಮಾಡಿಕೊಳ್ಳುವುದು ಕಡಿಮೆಯಾಗಿತ್ತು. ಓದಿ ಆಸೆ ಹುಟ್ಟಿತು. ಆಮೇಲೆ ನೋಡಿದರೆ ಅದರಲ್ಲಿ ಇದ್ದ ತಾಯಂದಿರು ಮೂವರೇ! ಮೂವರಿಂದ ಏನು ಹೇಳಲಾಗುತ್ತದೆ?

ಇನ್ನೊಂದು ಮಾತು. ಇಂಥ ಕೋರ್ಸಿಗೆ ಕರೆಯುವುದು ತಾಯಿಯನ್ನು, ಬಹಳ ಅಂದರೆ ತಂದೆಯನ್ನು. ನಮ್ಮ ಮನೆಯಲ್ಲಿ ಮಗಳ ಜತೆ ಹಗಲೆಲ್ಲ ಇರುವವರು ನನ್ನ ಅಮ್ಮ. ಅಜ್ಜಿಯನ್ನೂ ಕೂರಿಸಿಕೊಂಡರೆ ಏನಾಗುತ್ತದೆ? ನಿಮ್ಮ ಥೀಸಿಸ್‌ಗೆ ಇದೇ ಪ್ರಶ್ನೆ ಆಗಬಹುದು, ಅಲ್ವಾ? ಇದಕ್ಕೆ ಜನ ಸಿಗುವುದು ದಾವಣಗೆರೆಯಲ್ಲೇ.

– ಒಬ್ಬ ತಂದೆ, ಬೆಂಗಳೂರು

*

ಎಲ್ಲರೂ ಸೊಸೆಗೆ ಬುದ್ಧಿ ಹೇಳುತ್ತೀರಿ. ನಾನು ಅತ್ತೆಯ ಕಡೆ. ಆ ಹೆಂಗಸು ಪಿಎಚ್‌ಡಿ ಯಾಕೆ ಅಂತ ಕೇಳಿದ್ದಲ್ಲಮ್ಮ. ಸ್ಕೂಲಿಂದ ಹುಡುಗನನ್ನು ಕರ್ಕೊಂಡು ಬರೋದು ಯಾರು, ಜ್ವರ ಬಂದರೆ ರಾತ್ರಿ ಎದ್ದು ಕೂರೋದು ಯಾರು ಅಂತ ಕೇಳಿದ್ದು. ನನ್ನ ಸೊಸೆ ಓದುವಾಗ ನಾನೂ ಹೀಗೇ ಸುಮ್ನೆ ಸುತ್ತಿ ಬಳಸಿ ಕೇಳಿದ್ದೆ. ಯಾವ ಕೆಲಸ ಯಾರದು ಅಂತ ಗಂಡನ ಕೈಲೇ ಬರೆಸಿ ಅಡುಗೆಮನೆ ಗೋಡೆಗೆ ಅಂಟಿಸಿ. ಅವನ ಹೆಸರು ಅದರಲ್ಲಿ ಜಾಸ್ತಿ ಸಲ ಬರಲಿ. ಭಾನುವಾರ ಅತ್ತೆಗೆ ರಜಾ.

– ಎರಡು ಮೊಮ್ಮಕ್ಕಳ ಅಜ್ಜಿ, ತೀರ್ಥಹಳ್ಳಿ